ಜೀನ್ ರಾಡೆನ್‌ಬೆರಿ: ಹಲವರು ಬರೆದ ಕಥನದ ಒಬ್ಬ ಕರ್ತೃ

ಒಂದು ಕೃತಿಗೆ ಒಬ್ಬನೇ ಕರ್ತೃ ಇರಬೇಕೆಂಬುದು ಬಹುಮಟ್ಟಿಗೆ ಮುದ್ರಣ ಸಂಸ್ಕೃತಿ ಬೆಳೆಸಿದ ನಂಬಿಕೆ. ಮೌಖಿಕ ಕಾವ್ಯಗಳ ಅಧ್ಯಯನವು ಈ ನಂಬಿಕೆಯನ್ನು ಈಗಾಗಲೇ ಸಾಕಷ್ಟು ಸಡಿಲಿಸಿದೆ. ಇಪ್ಪತ್ತನೆಯ ಶತಮಾನದ ದೂರದರ್ಶನ ಧಾರಾವಾಹಿಯ ವಿಷಯದಲ್ಲಿ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ವಾರವಾರದ ಕಂತನ್ನು ಬೇರೆ ಬೇರೆ ಲೇಖಕರು ಬರೆಯುತ್ತಾರೆ, ಕಥಾಸಂಪಾದಕರು ತಿದ್ದುತ್ತಾರೆ, ನಿರ್ಮಾಪಕರು ಮತ್ತೊಮ್ಮೆ ತಿದ್ದುತ್ತಾರೆ, ಕೊನೆಗೆ ನೋಡುಗರ ನೆನಪಿನಲ್ಲಿ ಒಂದೇ ಹೆಸರು ಉಳಿಯುತ್ತದೆ. ವ್ಯೋಮನೌಕೆಯೊಂದರ ಸಿಬ್ಬಂದಿಯ ಅನ್ವೇಷಣೆಗಳನ್ನು ನಿರೂಪಿಸುವ ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ವಿಷಯದಲ್ಲಿ ಹಾಗೆ ಉಳಿದ ಹೆಸರು ಜೀನ್ ರಾಡೆನ್‌ಬೆರಿ.

ಆತ ತೀರಿಕೊಂಡ ಮೂರು ವರ್ಷಗಳ ಅನಂತರ, 1994ರಲ್ಲಿ, ಆತನ ಎರಡು ಜೀವನಚರಿತ್ರೆಗಳು ಪ್ರಕಟವಾದವು. ಡೇವಿಡ್ ಅಲೆಕ್ಸಾಂಡರ್ ಬರೆದ ಅಧಿಕೃತ ಚರಿತ್ರೆಯಲ್ಲಿ ರಾಡೆನ್‌ಬೆರಿ ಮಾನವತಾವಾದಿ ದಾರ್ಶನಿಕ. ಜೋಯೆಲ್ ಎಂಗೆಲ್‌ನ ಕೃತಿಯಲ್ಲಿ ಇತರರ ಶ್ರಮದ ಮೇಲೆ ತನ್ನ ಕಥೆಯನ್ನು ಕಟ್ಟಿಕೊಂಡ ವ್ಯಕ್ತಿ. ಒಂದೇ ಬದುಕಿನ ಈ ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಕೈಬಿಡುವುದು ಸುಲಭ. ಆದರೆ ಧಾರಾವಾಹಿಯ ಕಂತುಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಎರಡೂ ಚಿತ್ರಗಳು ಒಂದೇ ಪ್ರವೃತ್ತಿಯ ಎರಡು ಮುಖಗಳೆಂಬುದು ತಿಳಿದುಬರುತ್ತದೆ.

ಪೂರ್ವಜೀವನ

ಯೂಜೀನ್ ವೆಸ್ಲಿ ರಾಡೆನ್‌ಬೆರಿ 1921ರ ಆಗಸ್ಟ್ 19ರಂದು ಟೆಕ್ಸಾಸ್ ರಾಜ್ಯದ ಎಲ್ ಪಾಸೊದಲ್ಲಿ ಜನಿಸಿದನು. 1923ರಲ್ಲಿ ಕುಟುಂಬ ಲಾಸ್ ಏಂಜಲಿಸ್ ನಗರಕ್ಕೆ ಬಂದು ನೆಲೆಸಿತು. ತಂದೆ ಅಲ್ಲಿನ ಪೊಲೀಸ್ ಇಲಾಖೆಗೆ ಸೇರಿದನು. ತಾಯಿಯದು ಬ್ಯಾಪ್ಟಿಸ್ಟ್ ಪಂಥದ ಶ್ರದ್ಧೆ. ಮಗ ಬೆಳೆದಂತೆ ಆ ಶ್ರದ್ಧೆಯಿಂದ ದೂರ ಸರಿದು, ಮನುಷ್ಯನ ವಿವೇಕವನ್ನೇ ನೆಚ್ಚಿದ ನಿಲುವಿಗೆ ಬಂದನು. ಲಾಸ್ ಏಂಜಲಿಸ್ ಸಿಟಿ ಕಾಲೇಜಿನಲ್ಲಿ ಪೊಲೀಸ್ ವಿಜ್ಞಾನವನ್ನು ಅಭ್ಯಸಿಸುತ್ತಿದ್ದಾಗಲೇ ವಿಮಾನ ಹಾರಿಸಲು ಕಲಿತನು.

ಎರಡನೆಯ ಮಹಾಯುದ್ಧದಲ್ಲಿ ರಾಡೆನ್‌ಬೆರಿ ಪೆಸಿಫಿಕ್ ರಣರಂಗದಲ್ಲಿ ಬಿ-17 ಬಾಂಬರ್ ವಿಮಾನದ ಚಾಲಕನಾಗಿದ್ದನು. 1943ರ ಆಗಸ್ಟ್‌ನಲ್ಲಿ ಎಸ್ಪಿರಿಟು ಸಾಂಟೊ ದ್ವೀಪದಲ್ಲಿ ಆತನ ವಿಮಾನ ರನ್‌ವೇಯನ್ನು ಮೀರಿ ಮರಗಳಿಗೆ ಬಡಿದು ಇಬ್ಬರು ಮೃತಪಟ್ಟರು. ಯುದ್ಧಾನಂತರ ಪ್ಯಾನ್ ಆಮ್ ವಿಮಾನ ಸಂಸ್ಥೆ ಸೇರಿದ ಆತ 1947ರ ಜೂನ್‌ನಲ್ಲಿ ಕರಾಚಿಯಿಂದ ಇಸ್ತಾಂಬುಲ್‌ಗೆ ಹೊರಟ ವಿಮಾನದಲ್ಲಿದ್ದನು. ಅದು ಸಿರಿಯಾದ ಮರುಭೂಮಿಯಲ್ಲಿ ಅಪಘಾತಕ್ಕೀಡಾಯಿತು. ಕನಿಷ್ಠ 14 ಜನ ಅಸುನೀಗಿದರು. ಉರಿಯುತ್ತಿದ್ದ ವಿಮಾನದಿಂದ ಪ್ರಯಾಣಿಕರನ್ನು ಹೊರಗೆಳೆಯುವುದರಲ್ಲಿ ಆತನ ಪಾತ್ರವಿತ್ತು. ಮುಂದಿನ ವರ್ಷ ಆತ ಹಾರಾಟವನ್ನು ಬಿಟ್ಟು ಬರವಣಿಗೆಯ ಆಸೆಯಿಂದ ಲಾಸ್ ಏಂಜಲಿಸ್‌ಗೆ ಹಿಂದಿರುಗಿದನು. ಆತ ಈ ಘಟನೆಯನ್ನು ಮತ್ತೆ ಮತ್ತೆ ಹೇಳುತ್ತ ಹೋದಂತೆ ಅದಕ್ಕೆ ಹೊಸ ಬಣ್ಣಗಳೂ ಸೇರುತ್ತ ಹೋದವು. ತನ್ನ ಬದುಕನ್ನೇ ಕಥೆಯಾಗಿಸಿ ತಿದ್ದಿಕೊಳ್ಳುವ ಆತನ ಸ್ವಭಾವದ ಮೊದಲ ಕುರುಹು ಇದು.

1949ರಲ್ಲಿ ಆತ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಗೆ ಸೇರಿದನು. ಇಲಾಖೆಯ ಮುಖ್ಯಸ್ಥ ವಿಲಿಯಂ ಪಾರ್ಕರ್‌ನಿಗೆ ಭಾಷಣಗಳನ್ನು ಬರೆದುಕೊಡುವ ಕೆಲಸ ಆತನ ಪಾಲಿಗೆ ಬಂತು. ಅದೇ ಕಾಲದಲ್ಲಿ ರಾಬರ್ಟ್ ವೆಸ್ಲಿ ಎಂಬ ಗುಪ್ತನಾಮದಲ್ಲಿ ದೂರದರ್ಶನಕ್ಕೆ ಕಥೆಗಳನ್ನು ಬರೆಯತೊಡಗಿದನು. ಅಂದರೆ, ಆತನ ಮಾತು ಮೊದಲು ಲೋಕಕ್ಕೆ ಕೇಳಿಸಿದ್ದು ಇನ್ನೊಬ್ಬರ ಹೆಸರಿನಲ್ಲಿ. ಮುಂದೆ ಇನ್ನೊಬ್ಬರ ಮಾತು ಆತನ ಹೆಸರಿನಲ್ಲಿ ಕೇಳಿಸಲಿದ್ದ ಕಾರಣ ಈ ಸಂಗತಿಗೆ ಮಹತ್ವವಿದೆ. 1956ರಲ್ಲಿ ಪೊಲೀಸ್ ಕೆಲಸಕ್ಕೆ ರಾಜೀನಾಮೆಯಿತ್ತು ಪೂರ್ಣಾವಧಿಯ ಲೇಖಕನಾದನು.

ಅನ್ಯೋಕ್ತಿಯ ಆಯ್ಕೆ

1963ರಲ್ಲಿ ರಾಡೆನ್‌ಬೆರಿ ರೂಪಿಸಿದ 'ದಿ ಲೆಫ್ಟಿನೆಂಟ್' ಎಂಬ ಧಾರಾವಾಹಿ ಎನ್.ಬಿ.ಸಿ. ವಾಹಿನಿಯಲ್ಲಿ ಬಂತು. ನೌಕಾಪಡೆಯ ಮರೀನ್ ಸೈನಿಕರ ಬದುಕು ಅದರ ವಸ್ತು. ಸೈನಿಕರ ನಡುವಿನ ವರ್ಣದ್ವೇಷವನ್ನು ನೇರವಾಗಿ ಚಿತ್ರಿಸಿದ ಒಂದು ಕಂತನ್ನು ವಾಹಿನಿ ಪ್ರಸಾರ ಮಾಡಲಿಲ್ಲ. ರಕ್ಷಣಾ ಇಲಾಖೆಯ ಸಹಕಾರವೂ ನಿಂತಿತು. ಒಂದೇ ವರ್ಷಕ್ಕೆ ಧಾರಾವಾಹಿ ಮುಗಿಯಿತು. ನೇರವಾಗಿ ಹೇಳಲಾಗದ್ದನ್ನು ಬೇರೊಂದು ಲೋಕದ ಕಥೆಯಾಗಿ ಹೇಳಿದರೆ ವಾಹಿನಿಯ ತಡೆಯನ್ನು ದಾಟಬಹುದೆಂಬ ಅರಿವು ಈ ಸೋಲಿನಿಂದ ಗಟ್ಟಿಯಾಯಿತು. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ಅನ್ಯೋಕ್ತಿಯ ಮಾರ್ಗ.

1964ರ ಮಾರ್ಚ್‌ನಲ್ಲಿ ಸಿದ್ಧವಾದ ಸ್ಟಾರ್ ಟ್ರೆಕ್‌ನ ಪ್ರಸ್ತಾವ 16 ಪುಟಗಳದ್ದು. ಪಶ್ಚಿಮದ ಬಯಲುಗಳಲ್ಲಿ ಬಂಡಿಗಳ ಸಾಲಿನೊಡನೆ ಸಾಗುವ ವಲಸಿಗರ ಕಥೆಗಳು ಆಗ ಜನಪ್ರಿಯವಾಗಿದ್ದವು. ಅದೇ ಮಾದರಿಯನ್ನು ನಕ್ಷತ್ರಗಳತ್ತ ತಿರುಗಿಸುವುದಾಗಿ ಆತ ವಾಹಿನಿಗೆ ವಿವರಿಸಿದನು. ಮೊದಲ ಮಾದರಿ ಕಂತು 'ದಿ ಕೇಜ್' ಅತಿಯಾಗಿ ಬೌದ್ಧಿಕವಾಯಿತೆಂದು ತಿರಸ್ಕೃತವಾಯಿತು. ಆದರೂ ವಾಹಿನಿ ಎರಡನೆಯ ಮಾದರಿಗೆ ಅವಕಾಶ ಕೊಟ್ಟಿತು. ಸ್ಯಾಮ್ಯುಯೆಲ್ ಪೀಪಲ್ಸ್ ಬರೆದ ಆ ಕಂತಿನಲ್ಲಿ ವಿಲಿಯಂ ಶಾಟ್ನರ್ ಕ್ಯಾಪ್ಟನ್ ಕರ್ಕ್ ಆಗಿ ಬಂದನು. ಮೊದಲ ಮಾದರಿಯಿಂದ ಉಳಿದ ಮುಖ್ಯ ಪಾತ್ರವೆಂದರೆ ಲೆನರ್ಡ್ ನಿಮೋಯ್ ವಹಿಸಿದ ಸ್ಪಾಕ್.

ಮೊದಲ ಮಾದರಿಯಲ್ಲಿ ನೌಕೆಯ ಎರಡನೆಯ ಅಧಿಕಾರಿ ಒಬ್ಬ ಮಹಿಳೆ. ಆ ಪಾತ್ರವನ್ನು ವಾಹಿನಿಯ ಸ್ತ್ರೀವಿರೋಧಿ ಧೋರಣೆ ಕಿತ್ತುಹಾಕಿತೆಂದು ರಾಡೆನ್‌ಬೆರಿ ಮುಂದೆ ಹೇಳುತ್ತಿದ್ದನು. ಜೊತೆಗೆ ದುಡಿದ ಹರ್ಬರ್ಟ್ ಸೋಲೊ ಮತ್ತು ರಾಬರ್ಟ್ ಜಸ್ಟ್‌ಮನ್ 1996ರ ತಮ್ಮ ಕೃತಿಯಲ್ಲಿ ಇದನ್ನು ಒಪ್ಪಿಲ್ಲ. ವಾಹಿನಿಯ ಆಕ್ಷೇಪ ಇದ್ದುದು ಪಾತ್ರದ ಬಗೆಗಲ್ಲ, ಆಗ ವಿವಾಹಿತನಾಗಿದ್ದ ರಾಡೆನ್‌ಬೆರಿಯ ಆಪ್ತಳಾದ ಮೇಜಲ್ ಬ್ಯಾರೆಟ್‌ಗೆ ಅದನ್ನು ಕೊಟ್ಟುದರ ಬಗೆಗೆ ಎಂಬುದು ಅವರ ನಿರೂಪಣೆ. ನೌಕೆಯಲ್ಲಿ ಹಲವು ಜನಾಂಗಗಳವರಿಗೆ ಸ್ಥಾನ ದೊರೆತದ್ದರ ಹಿಂದೆಯೂ ರಾಡೆನ್‌ಬೆರಿಯ ಆಶಯದ ಜೊತೆಗೆ ಎನ್.ಬಿ.ಸಿ.ಯ ಪ್ರೋತ್ಸಾಹವಿತ್ತು. ಒಬ್ಬ ದಾರ್ಶನಿಕ ಮತ್ತು ಒಂದು ಕುರುಡು ಸಂಸ್ಥೆಯ ನಡುವಿನ ಹೋರಾಟವೆಂಬ ಜನಪ್ರಿಯ ಚಿತ್ರ ಅರ್ಧಸತ್ಯ ಮಾತ್ರ.

ಕಂತುಗಳು ಮತ್ತು ಅವುಗಳ ಲೇಖಕರು

1966ರ ಸೆಪ್ಟೆಂಬರ್ 8ರಂದು ಪ್ರಸಾರ ಆರಂಭಿಸಿದ ಧಾರಾವಾಹಿ 1969ರ ಜೂನ್ 3ರಂದು 79 ಕಂತುಗಳಿಗೆ ಮುಗಿಯಿತು. ಅನ್ಯೋಕ್ತಿಯ ಮಾರ್ಗ ಫಲ ಕೊಟ್ಟ ಬಗೆಯನ್ನು ಕೆಲವು ಕಂತುಗಳಲ್ಲಿ ಗುರುತಿಸಬಹುದು. ಪಾಲ್ ಶ್ನೈಡರ್ ಬರೆದ 'ಬ್ಯಾಲೆನ್ಸ್ ಆಫ್ ಟೆರರ್' ಕಂತಿನಲ್ಲಿ, ಶತಮಾನದಿಂದ ಯಾರೂ ಕಣ್ಣಾರೆ ಕಾಣದ ಶತ್ರುವಿನ ಮುಖ ಸ್ಪಾಕ್‌ನ ಮುಖವನ್ನೇ ಹೋಲುತ್ತದೆ. ನೌಕೆಯ ಒಬ್ಬ ಅಧಿಕಾರಿ ತಕ್ಷಣ ಸ್ಪಾಕ್‌ನನ್ನು ದ್ರೋಹಿಯೆಂದು ಶಂಕಿಸುತ್ತಾನೆ. ಕಂತು ಮುಗಿಯುವ ಹೊತ್ತಿಗೆ ಶತ್ರುನಾಯಕನೂ ಕರ್ಕ್‌ನಂತೆಯೇ ಕರ್ತವ್ಯದಿಂದ ದಣಿದ ಮನುಷ್ಯನೆಂಬುದು ಮನದಟ್ಟಾಗುತ್ತದೆ. ಜೀನ್ ಕೂನ್ ಬರೆದ 'ದಿ ಡೆವಿಲ್ ಇನ್ ದ ಡಾರ್ಕ್' ಕಂತಿನಲ್ಲಿ ಗಣಿಗಾರರನ್ನು ಕೊಲ್ಲುತ್ತಿರುವ ಭೀಕರ ಜೀವಿಯೊಂದಿದೆ. ಗಣಿಗಾರರು ನಿರುಪಯುಕ್ತ ಕಲ್ಲುಗಳೆಂದು ಒಡೆದುಹಾಕಿದ ಗುಂಡುಗಳು ಅದರ ಮೊಟ್ಟೆಗಳು. ರಾಕ್ಷಸನೆಂದು ತಿಳಿದದ್ದು ಮಕ್ಕಳನ್ನು ಕಾಯುತ್ತಿರುವ ತಾಯಿ. ಭಯದ ವಸ್ತು ಕರುಣೆಯ ವಸ್ತುವಾಗುವ ಈ ಪಲ್ಲಟ ಸ್ಟಾರ್ ಟ್ರೆಕ್‌ನ ಅತ್ಯುತ್ತಮ ಕಂತುಗಳ ಮುಖ್ಯ ಲಕ್ಷಣ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಈ ಎರಡು ಕಂತುಗಳೂ ರಾಡೆನ್‌ಬೆರಿ ಬರೆದವಲ್ಲ. 1966ರಲ್ಲಿ ನಿರ್ಮಾಪಕನಾಗಿ ಬಂದ ಕೂನ್, ಕ್ಲಿಂಗನ್ ಜನಾಂಗವನ್ನು ಸೃಷ್ಟಿಸಿದನು. ಅನ್ಯ ನಾಗರಿಕತೆಗಳ ಸಹಜ ಬೆಳವಣಿಗೆಯಲ್ಲಿ ಕೈಹಾಕಬಾರದೆಂಬ ನಿಯಮಕ್ಕೆ ಸ್ಪಷ್ಟ ರೂಪ ಕೊಡುವುದರಲ್ಲಿಯೂ ಆತನ ಪಾಲು ದೊಡ್ಡದು. 1973ರಲ್ಲಿ ಆತ ತೀರಿಕೊಂಡದ್ದರಿಂದ ತನ್ನ ಪಾಲನ್ನು ಹೇಳಿಕೊಳ್ಳಲು ಆತನೇ ಉಳಿಯಲಿಲ್ಲ. ಎರಡನೆಯದಾಗಿ, ರಾಡೆನ್‌ಬೆರಿ ಸ್ವತಃ ಚಿತ್ರಕಥೆ ಬರೆದ 'ಎ ಪ್ರೈವೇಟ್ ಲಿಟ್ಲ್ ವಾರ್' (1968) ವಿಯೆಟ್ನಾಂ ಯುದ್ಧದ ಅನ್ಯೋಕ್ತಿ. ಅಲ್ಲಿ ಶತ್ರುಗಳು ಒಂದು ಪಂಗಡಕ್ಕೆ ಬಂದೂಕು ಕೊಟ್ಟಾಗ, ಸಮತೋಲನಕ್ಕಾಗಿ ಇನ್ನೊಂದು ಪಂಗಡಕ್ಕೂ ಬಂದೂಕು ಕೊಡುವ ನಿರ್ಧಾರಕ್ಕೆ ಕರ್ಕ್ ಬರುತ್ತಾನೆ. ಕೊನೆಯಲ್ಲಿ ವಿಷಾದವಿದೆ, ನಿರ್ಧಾರದ ನಿರಾಕರಣೆಯಿಲ್ಲ. ಶಾಂತಿಯ ಪ್ರವಾದಿಯೆಂಬ ಬಿರುದಿಗೆ ಈ ಕಂತು ಸುಲಭವಾಗಿ ಹೊಂದುವುದಿಲ್ಲ.

ಬಹುತ್ವದ ಚಿತ್ರಣಕ್ಕೂ ಮಿತಿಯಿತ್ತು. ನೌಕೆಯ ಸಂಪರ್ಕಾಧಿಕಾರಿ ಉಹುರಾಳ ಪಾತ್ರದಲ್ಲಿ ಕಪ್ಪು ಮಹಿಳೆಯೊಬ್ಬಳು ಸಮಾನಳಾಗಿ ಕಾಣಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಪಾತ್ರವನ್ನು ಬಿಡಲು ಹೊರಟ ತನ್ನನ್ನು ಮಾರ್ಟಿನ್ ಲೂಥರ್ ಕಿಂಗ್ ತಡೆದರೆಂದು ನಟಿ ನಿಶೆಲ್ ನಿಕೋಲ್ಸ್ ಮುಂದೆ ನೆನಪಿಸಿಕೊಂಡಿದ್ದಾಳೆ. ಆದರೆ ಉಹುರಾಳಿಗೆ ಸಿಕ್ಕ ಮಾತುಗಳು ಕಡಿಮೆ. ಭಾರತೀಯ ಓದುಗರಿಗೆ 'ಸ್ಪೇಸ್ ಸೀಡ್' (1967) ಕಂತು ಕುತೂಹಲಕರ. ತಳಿಸಂಸ್ಕಾರದಿಂದ ಅತಿಮಾನುಷನಾದ ಸರ್ವಾಧಿಕಾರಿ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದ ಸಿಖ್ಖನಿರಬಹುದೆಂದು ನೌಕೆಯ ಇತಿಹಾಸಜ್ಞೆ ಊಹಿಸುತ್ತಾಳೆ. ಪಾತ್ರ ವಹಿಸಿದವನು ಮೆಕ್ಸಿಕೊದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಾಲ್ಬಾನ್. ನೌಕೆಯ ನಿತ್ಯದ ಮುಖ್ಯ ಪಾತ್ರಗಳಲ್ಲಿ ಭಾರತೀಯರಿಲ್ಲ. ಕಾಣಿಸಿಕೊಂಡ ಭಾರತೀಯ ಸರ್ವಾಧಿಕಾರಿ.

ಕರ್ತೃತ್ವದ ಕಲಹ

ಇತರರ ಹಸ್ತಪ್ರತಿಗಳನ್ನು ತಿದ್ದಿ ಬರೆಯುವುದು ರಾಡೆನ್‌ಬೆರಿಯ ನಿತ್ಯದ ಕೆಲಸವಾಗಿತ್ತು. ಧಾರಾವಾಹಿಯ ಏಕರೂಪತೆಗೆ ಅದು ಅಗತ್ಯವೂ ಆಗಿತ್ತು. ಆದರೆ ತಿದ್ದುವಿಕೆ ಮತ್ತು ಸ್ವಾಮ್ಯದ ನಡುವಿನ ಗೆರೆ ಹಲವು ಬಾರಿ ಅಳಿಸಿಹೋಯಿತು. ಹಾರ್ಲನ್ ಎಲಿಸನ್ ಬರೆದ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್' (1967) ಇದಕ್ಕೆ ಪ್ರಸಿದ್ಧ ನಿದರ್ಶನ. 1930ರ ದಶಕಕ್ಕೆ ಜಾರಿದ ಕರ್ಕ್, ತಾನು ಪ್ರೀತಿಸಿದ ಸಮಾಜಸೇವಕಿಯ ಸಾವನ್ನು ಇತಿಹಾಸದ ಉಳಿವಿಗಾಗಿ ತಡೆಯದೆ ನಿಲ್ಲಬೇಕಾಗುತ್ತದೆ. ಮೂಲ ಪ್ರತಿಯನ್ನು ಕೂನ್, ಡಿ. ಸಿ. ಫಾಂಟಾನ, ರಾಡೆನ್‌ಬೆರಿ ಮೊದಲಾದವರು ತಿದ್ದಿದರು. ಪ್ರಸಾರವಾದ ಕಂತು ಹ್ಯೂಗೊ ಪ್ರಶಸ್ತಿಯನ್ನು ಪಡೆಯಿತು. ಎಲಿಸನ್‌ನ ಮೂಲಪ್ರತಿ ಲೇಖಕರ ಸಂಘದ ಪ್ರಶಸ್ತಿಯನ್ನು ಪಡೆಯಿತು. ಮೂಲದಲ್ಲಿ ನೌಕೆಯ ಎಂಜಿನಿಯರ್ ಸ್ಕಾಟಿ ಮಾದಕವಸ್ತು ಮಾರುತ್ತಿದ್ದನೆಂದು ರಾಡೆನ್‌ಬೆರಿ ವರ್ಷಗಟ್ಟಲೆ ಹೇಳುತ್ತ ಬಂದನು; ಮೂಲದಲ್ಲಿ ಆ ಕೆಲಸ ಮಾಡುವವನು ಸ್ಕಾಟಿಯಲ್ಲ, ಬೇರೊಂದು ಪಾತ್ರ. ಎಲಿಸನ್ 1990ರ ದಶಕದಲ್ಲಿ ಮೂಲಪ್ರತಿಯನ್ನೇ ಮುದ್ರಿಸಿ ಉತ್ತರಿಸಿದನು.

ಅಲೆಕ್ಸಾಂಡರ್ ಕರೇಜ್ ಸಂಯೋಜಿಸಿದ ಶೀರ್ಷಿಕೆ ಸಂಗೀತದ ಪ್ರಕರಣ ಇನ್ನೂ ಸ್ಪಷ್ಟ. ಒಮ್ಮೆಯೂ ಹಾಡದ ಸಾಹಿತ್ಯವನ್ನು ಅದಕ್ಕೆ ಬರೆದ ರಾಡೆನ್‌ಬೆರಿ, ಗೌರವಧನದ ಅರ್ಧ ಪಾಲಿಗೆ ಹಕ್ಕುದಾರನಾದನು. ಕಾನೂನಿನ ಪ್ರಕಾರ ತಪ್ಪಿಲ್ಲದ, ನ್ಯಾಯದ ದೃಷ್ಟಿಯಿಂದ ಸಮರ್ಥಿಸಲಾಗದ ನಡೆ ಅದು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಫಾಂಟಾನ ಆತನ ಕಾರ್ಯದರ್ಶಿಯಾಗಿದ್ದಳು. ಹೆಣ್ಣೆಂಬ ಕಾರಣಕ್ಕೆ ಹಸ್ತಪ್ರತಿ ತಿರಸ್ಕೃತವಾಗದಿರಲೆಂದು ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸುತ್ತಿದ್ದ ಆಕೆಯನ್ನು ಕಥಾಸಂಪಾದಕಿಯಾಗಿಸಿದವನು ರಾಡೆನ್‌ಬೆರಿಯೇ. ಸ್ಪಾಕ್‌ನ ತಂದೆತಾಯಿಯರನ್ನು ಪರಿಚಯಿಸಿದ 'ಜರ್ನಿ ಟು ಬೇಬೆಲ್' ಆಕೆಯ ರಚನೆ. ಅವಕಾಶವನ್ನು ತೆರೆದವನೂ ಮನ್ನಣೆಯನ್ನು ತಡೆದವನೂ ಒಬ್ಬನೇ ಎಂಬುದು ಈ ಬದುಕಿನ ತೊಡಕು.

ಉತ್ತರಾರ್ಧ

1968ರಲ್ಲಿ ಅಭಿಮಾನಿಗಳ ಪತ್ರ ಚಳವಳಿ ಧಾರಾವಾಹಿಗೆ ಮೂರನೆಯ ವರ್ಷವನ್ನು ದೊರಕಿಸಿತು. ಚಳವಳಿಗೆ ರಾಡೆನ್‌ಬೆರಿಯ ತೆರೆಮರೆಯ ಬೆಂಬಲವಿತ್ತು. ಆದರೆ ಪ್ರಸಾರಕ್ಕೆ ಶುಕ್ರವಾರ ರಾತ್ರಿ ಹತ್ತರ ಹೊತ್ತು ಸಿಕ್ಕಿದ ಮೇಲೆ ಆತ ದಿನನಿತ್ಯದ ಹೊಣೆಯಿಂದ ಹಿಂದೆ ಸರಿದನು. ಧಾರಾವಾಹಿ ನಿಂತ ಅನಂತರವೇ ಅದರ ನಿಜವಾದ ಓದು ಆರಂಭವಾಯಿತೆನ್ನಬಹುದು. ಸ್ಥಳೀಯ ವಾಹಿನಿಗಳ ಮರುಪ್ರಸಾರದಿಂದ ಹೊಸ ಪ್ರೇಕ್ಷಕವರ್ಗ ಹುಟ್ಟಿತು. 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆಲವೇ ನೂರು ಜನರನ್ನು ನಿರೀಕ್ಷಿಸಿದ್ದ ಸಮಾವೇಶಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಬಂದರು. 1976ರಲ್ಲಿ ಅಮೆರಿಕದ ಮೊದಲ ಪ್ರಾಯೋಗಿಕ ಬಾಹ್ಯಾಕಾಶ ಷಟಲ್‌ಗೆ ಎಂಟರ್‌ಪ್ರೈಸ್ ಎಂಬ ಹೆಸರಿಡಲಾಯಿತು. ದಾರ್ಶನಿಕನೆಂಬ ಕೀರ್ತಿ ರಾಡೆನ್‌ಬೆರಿಯನ್ನು ಸುತ್ತಿಕೊಂಡದ್ದು ಈ ದಶಕದಲ್ಲಿ. ಆತ ಅದನ್ನು ನಂಬತೊಡಗಿದ್ದೂ ಆಗಲೇ. 1979ರ ಚಲನಚಿತ್ರದ ಅತಿವೆಚ್ಚದಿಂದಾಗಿ ಮುಂದಿನ ಚಿತ್ರಗಳಲ್ಲಿ ಆತನಿಗೆ ಸಲಹೆಗಾರನ ಸ್ಥಾನವಷ್ಟೇ ಉಳಿಯಿತು.

1987ರಲ್ಲಿ ಆರಂಭವಾದ 'ದಿ ನೆಕ್ಸ್ಟ್ ಜನರೇಶನ್' ಆತನಿಗೆ ಅಧಿಕಾರವನ್ನು ಹಿಂದಿರುಗಿಸಿತು. ಹಳೆಯ ಕಲಹವೂ ಮರುಕಳಿಸಿತು. ಆರಂಭದ ರೂಪರೇಷೆಯಲ್ಲಿ ದುಡಿದ ಫಾಂಟಾನ ಮತ್ತು ಡೇವಿಡ್ ಜೆರಾಲ್ಡ್ ಹೊರನಡೆದು ಲೇಖಕರ ಸಂಘದ ಮೊರೆ ಹೊಕ್ಕರು. ಇಪ್ಪತ್ತನಾಲ್ಕನೆಯ ಶತಮಾನದ ಮನುಷ್ಯರು ಪರಸ್ಪರ ಜಗಳವಾಡುವುದಿಲ್ಲವೆಂಬ ರಾಡೆನ್‌ಬೆರಿಯ ಕಟ್ಟಳೆ ಲೇಖಕರಿಗೆ ಸಂಕಟ ತಂದಿತು. ಸಂಘರ್ಷವಿಲ್ಲದೆ ನಾಟಕವೆಲ್ಲಿ ಎಂಬುದು ಅವರ ಪ್ರಶ್ನೆ. 1989ರ 'ದಿ ಬಾಂಡಿಂಗ್' ಕಂತಿನ ರಚನೆಯ ಸಂದರ್ಭದಲ್ಲಿ ಇದು ತುತ್ತತುದಿಗೆ ಹೋಯಿತು. ರೊನಾಲ್ಡ್ ಮೂರ್ ಬರೆದ ಆ ಕಥೆಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ ಶೋಕಿಸುತ್ತಾನೆ. ಭವಿಷ್ಯದ ಮಕ್ಕಳು ಸಾವನ್ನು ಸಹಜವಾಗಿ ಒಪ್ಪಿಕೊಳ್ಳುತ್ತಾರೆ, ಅಳುವುದಿಲ್ಲ ಎಂದು ರಾಡೆನ್‌ಬೆರಿ ಅಡ್ಡಿ ಮಾಡಿದನು. ಬರವಣಿಗೆಯ ಹೊಣೆ ಹೊತ್ತಿದ್ದ ಮೈಕೆಲ್ ಪಿಲ್ಲರ್ ಆ ಅಡ್ಡಿಯನ್ನೇ ಕಥೆಯ ಒಳಗೆ ತಂದನು. ಹುಡುಗ ಅಳದೆ ಗಟ್ಟಿಯಾಗಿ ನಿಲ್ಲುತ್ತಾನೆ. ಅನ್ಯಜೀವಿಯೊಂದು ತಾಯಿಯ ರೂಪದಲ್ಲಿ ಬಂದಾಗ ಅವನು ಆ ಭ್ರಮೆಗೆ ಅಂಟಿಕೊಳ್ಳುತ್ತಾನೆ. ಅದುಮಿಟ್ಟ ದುಃಖ ಒಡೆದು ಬಂದ ಮೇಲಷ್ಟೇ ಅವನಿಗೆ ಬಿಡುಗಡೆ. ಕಟ್ಟಳೆ ಮುರಿಯಲಿಲ್ಲ, ಸತ್ಯವೂ ಕೆಡಲಿಲ್ಲ.

ಆರೋಗ್ಯ ಕುಸಿದಿದ್ದ ರಾಡೆನ್‌ಬೆರಿ 1991ರ ಅಕ್ಟೋಬರ್ 24ರಂದು ಹೃದಯಸ್ತಂಭನದಿಂದ ತೀರಿಕೊಂಡನು. ಮರುವರ್ಷ ಆತನ ಚಿತಾಭಸ್ಮದ ಒಂದಂಶವನ್ನು ಕೊಲಂಬಿಯ ಷಟಲ್ ಬಾಹ್ಯಾಕಾಶಕ್ಕೆ ಒಯ್ದು ತಂದಿತು.

ಉಪಸಂಹಾರ

ಕಂತುಗಳನ್ನು ಒಂದೊಂದಾಗಿ ಅವುಗಳ ಲೇಖಕರಿಗೆ ಹಿಂದಿರುಗಿಸುತ್ತ ಹೋದರೆ ರಾಡೆನ್‌ಬೆರಿಯ ಪಾಲಿಗೆ ಉಳಿಯುವ ರಚನೆಗಳು ಕೆಲವೇ. ಅವುಗಳಲ್ಲಿ ಶ್ರೇಷ್ಠವಾದವು ಇನ್ನೂ ಕಡಿಮೆ. ಆದರೆ ಆ ಲೇಖಕರೆಲ್ಲ ಒಂದೇ ನೌಕೆಯನ್ನು ಏರಿ ಬರೆದರು. ಆ ನೌಕೆ ಆತ ಕಲ್ಪಿಸಿದ್ದು. ನಾಳಿನ ಮನುಷ್ಯ ಇಂದಿನವನಿಗಿಂತ ಉತ್ತಮನಾಗಿರುತ್ತಾನೆಂಬ ಹಠ ಆತನದು. ಆ ಹಠಕ್ಕೆ ಮಣಿದೂ, ಅದರೊಡನೆ ಸೆಣಸಿಯೂ ಇತರರು ಒಳ್ಳೆಯ ಕಥೆಗಳನ್ನು ಬರೆದರು. ತನ್ನ ಬದುಕನ್ನು ತಿದ್ದಿ ಹೇಳಿದ ಮನಸ್ಸೇ ಮನುಕುಲದ ನಾಳೆಯನ್ನೂ ತಿದ್ದಿ ಕಂಡಿತು. ಮೊದಲನೆಯದು ಸಹೋದ್ಯೋಗಿಗಳಿಗೆ ಅನ್ಯಾಯವಾಯಿತು, ಎರಡನೆಯದು ಅವರಿಗೇ ಬರೆಯಲು ನೆಲೆಯಾಯಿತು. ಎಲ್ಲವನ್ನೂ ತಾನೇ ಬರೆದೆನೆಂಬ ಭಾವನೆಯನ್ನು ಹಬ್ಬಿಸುವ ಅಗತ್ಯ ಆತನಿಗಿರಲಿಲ್ಲ. ಹಲವರು ಬರೆಯಬಲ್ಲ ಚೌಕಟ್ಟೊಂದನ್ನು ಕಟ್ಟಿದ್ದು ಕರ್ತೃತ್ವಕ್ಕೆ ಕಡಿಮೆಯಾದ ಸಾಧನೆಯಲ್ಲ. ಕೂನ್, ಫಾಂಟಾನ, ಶ್ನೈಡರ್, ಎಲಿಸನ್ ಇವರ ಹೆಸರುಗಳನ್ನು ಆಯಾ ಕಂತಿನೊಡನೆ ಸೇರಿಸಿ ಹೇಳುವುದರಿಂದ ರಾಡೆನ್‌ಬೆರಿಯ ಸ್ಥಾನ ಕುಗ್ಗುವುದಿಲ್ಲ. ಅದು ಯಾವ ಬಗೆಯ ಸ್ಥಾನವೆಂಬುದು ಸ್ಪಷ್ಟವಾಗುತ್ತದೆ.