ಕಡ ತಂದ ಬೀಜ, ನಮ್ಮ ಹೊಲದ ಬೆಳೆ

ಇನ್ನೊಬ್ಬರದನ್ನು ನೋಡಿ ಬರೆದರೆ ಅದು ನಕಲಲ್ಲವೇ ಎಂದು ತರಗತಿಯಲ್ಲಿ ಮಕ್ಕಳು ಆಗಾಗ ಕೇಳುತ್ತಿದ್ದರು. ಕನ್ನಡ ಮೇಷ್ಟರಾದ ನಾನು ಉತ್ತರವಾಗಿ ಬಿ.ಎಂ. ಶ್ರೀಕಂಠಯ್ಯನವರ ಬದುಕನ್ನೇ ಹೇಳುತ್ತಿದ್ದೆ.

1884ರಲ್ಲಿ ತುಮಕೂರು ಸೀಮೆಯ ಸಂಪಿಗೆಯಲ್ಲಿ ಹುಟ್ಟಿದ 'ಶ್ರೀ'ಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಇಂಗ್ಲಿಷನ್ನು. ಆದರೆ ಅವರ ಚಿಂತೆಯೆಲ್ಲ ಕನ್ನಡದ್ದು. ಹೊಸ ಕಾಲದ ಮನಸ್ಸಿಗೆ ಹಳೆಯ ಛಂದಸ್ಸು ಒಗ್ಗದೆ ನಮ್ಮ ಕಾವ್ಯ ಸೊರಗಿತ್ತು. 1911ರಲ್ಲಿ ಧಾರವಾಡದಲ್ಲಿ ಅವರು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಆಮೇಲೆ ಅದನ್ನು ಮಾಡಿಯೂ ತೋರಿಸಿದರು.

ಬರ್ನ್ಸ್, ಷೆಲ್ಲಿ, ವರ್ಡ್ಸ್‌ವರ್ತ್ ಮೊದಲಾದವರ ಕವಿತೆಗಳನ್ನು ಆಯ್ದರು. ಆದಿಪ್ರಾಸದ ಕಟ್ಟು ಸಡಿಲಿಸಿ, ಮಾತ್ರೆಗಳನ್ನು ಹೊಸದಾಗಿ ಜೋಡಿಸಿ ಕನ್ನಡಕ್ಕೆ ತಂದರು. 1926ರ ಆ ಪುಸ್ತಕಕ್ಕೆ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟರು. ಸಾಲವನ್ನು ಮುಚ್ಚಿಡಲಿಲ್ಲ. ನ್ಯೂಮನ್ 1833ರಲ್ಲಿ ಹಡಗಿನಲ್ಲಿ ಬರೆದ ಪ್ರಾರ್ಥನೆ ಅವರ ಕೈಯಲ್ಲಿ ಕನ್ನಡದ್ದೇ ಆಯಿತು. ಕರುಣಾಳು ಬೆಳಕನ್ನು ಕರೆಯುವ ಆ ಹಾಡು ಅನುವಾದವೆಂದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮುಂದೆ ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿದರು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಏಜಾಕ್ಸ್' ಚೌಕಟ್ಟಿನಲ್ಲಿ ನಮ್ಮ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. ತಂದದ್ದು ಚೌಕಟ್ಟು, ತುಂಬಿದ ಸಂಕಟ ನಮ್ಮದು.

1946ರಲ್ಲಿ ಅವರು ಧಾರವಾಡದಲ್ಲಿ ತೀರಿಕೊಳ್ಳುವ ಹೊತ್ತಿಗೆ ಕುವೆಂಪು ಅವರಂಥ ಶಿಷ್ಯರು ಸ್ವಂತ ಬೆಳೆ ತೆಗೆದಿದ್ದರು.

ನಕಲು ಮಾಡುವವನು ಕಾಳನ್ನು ಹಾಗೇ ಮಾರುತ್ತಾನೆ. ಕವಿ ಅದನ್ನು ತನ್ನ ಮಣ್ಣಿನಲ್ಲಿ ಬಿತ್ತಿ, ನೀರೆರೆದು, ಕೊಟ್ಟವರ ಹೆಸರು ಹೇಳಿ ಬೆಳೆಯುತ್ತಾನೆ. ನಮ್ಮ ಶಾಲೆಯ ಮಕ್ಕಳು ಧೈರ್ಯವಾಗಿ ಕಡ ತರಲಿ, ದುಡಿದು ಬೆಳೆಯಲಿ.