ಹಕೀಮ್ ಅಜಮಲ್ ಖಾನರೂ ಸರ್ಪಗಂಧಿಯ ಬೇರೂ

ಕಾಪುವಿನ ಕಡಲಕರೆಯಿಂದ ಮೂಡಣಕ್ಕೆ ಹೊರಟು ಕಾರ್ಕಳವನ್ನು ದಾಟಿದ ಮೇಲೆ ಸಿಕ್ಕುವ ಘಟ್ಟದ ತಪ್ಪಲಿನಲ್ಲಿ ಸರ್ಪಗಂಧಿಯೆಂಬ ಕಿರುಗಿಡವು ಬೆಳೆಯುತ್ತದೆ. ಹಾವಿನ ವಿಷಕ್ಕೂ ಚಿತ್ತಭ್ರಮೆಗೂ ಅದರ ಬೇರನ್ನು ಮದ್ದೆಂದು ಕೊಡುವ ರೂಢಿಯು ಭರತಖಂಡದಲ್ಲಿ ಬಹುಕಾಲದಿಂದ ಇದ್ದಿತು. ಆ ಬೇರು ಪ್ರಯೋಗಶಾಲೆಯ ಮೆಟ್ಟಿಲನ್ನೇರಿದುದಕ್ಕೆ ಕಾರಣರಾದವರಲ್ಲಿ ಒಬ್ಬರನ್ನು ನಮ್ಮವರು ಕಾಂಗ್ರೆಸ್ಸಿನ ಅಧ್ಯಕ್ಷರೆಂದು ಬಲ್ಲರು; ವೈದ್ಯರೆಂದು ಅಷ್ಟಾಗಿ ನೆನೆಯರು.

ಹಕೀಮ್ ಅಜಮಲ್ ಖಾನರು 1868ರಲ್ಲಿ ದಿಲ್ಲಿಯಲ್ಲಿ, ತಲೆತಲಾಂತರದಿಂದ ಯುನಾನಿ ವೈದ್ಯವೃತ್ತಿಯಲ್ಲಿದ್ದ ಮನೆತನದಲ್ಲಿ ಜನಿಸಿದರು. ಕೆಲಕಾಲ ರಾಂಪುರದ ನವಾಬರ ಆಸ್ಥಾನದಲ್ಲಿದ್ದು, ಬಳಿಕ ಅಣ್ಣನು ದಿಲ್ಲಿಯಲ್ಲಿ ತೆರೆದಿದ್ದ ವೈದ್ಯಶಾಲೆಯ ಭಾರವನ್ನು ಹೊತ್ತರು. 1911ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆಗಳನ್ನು ಕಣ್ಣಾರೆ ಕಂಡು ಬಂದರು. ಮರುವರ್ಷವೇ ಮುಂಬಯಿ ಸರ್ಕಾರವು ವೈದ್ಯರ ನೋಂದಣಿಯ ಕಾನೂನನ್ನು ಮಾಡಿ ದೇಶೀಯ ಪದ್ಧತಿಗಳ ಚಿಕಿತ್ಸಕರನ್ನು ಹೊರಗಿಟ್ಟಿತು. ಹಕೀಮರು ವೈದ್ಯರನ್ನೂ ಹಕೀಮರನ್ನೂ ಒಂದೇ ಸಂಘದಲ್ಲಿ ಕೂಡಿಸಿ ಅದನ್ನು ಪ್ರತಿಭಟಿಸಿದರು. ಆದರೆ ನಮ್ಮ ಶಾಸ್ತ್ರವು ಪರಿಪೂರ್ಣವೆಂದು ಕಣ್ಣುಮುಚ್ಚಿ ಕುಳಿತವರಲ್ಲ ಅವರು. ದೇಶೀಯ ಮದ್ದನ್ನು ನವೀನ ರಸಾಯನಶಾಸ್ತ್ರದ ಒರೆಗಲ್ಲಿಗೆ ಹಚ್ಚಲೇಬೇಕೆಂಬುದು ಅವರ ಹಟವಾಗಿತ್ತು. ಇದರಿಂದ ಎರಡೂ ಕಡೆಯ ನಿಷ್ಠುರವನ್ನು ಕಟ್ಟಿಕೊಂಡರು. ಬಿರುದನ್ನು ಸರ್ಕಾರಕ್ಕೆ ಹಿಂದಿರುಗಿಸುವುದಕ್ಕಿಂತ ಇದಕ್ಕೇ ಹೆಚ್ಚಿನ ಧೈರ್ಯ ಬೇಕೆಂದು ನಮಗೆ ತೋರುತ್ತದೆ.

ಬಿರುದನ್ನೂ 1920ರಲ್ಲಿ ಹಿಂದಿರುಗಿಸಿದರು. ಮರುವರ್ಷ ಅವರ ದಿಲ್ಲಿಯ ತಿಬ್ಬಿಯಾ ಕಾಲೇಜನ್ನು ಗಾಂಧೀಜಿಯವರು ಉದ್ಘಾಟಿಸಿದರು. ಅದೇ ವರ್ಷ ದೇಶಬಂಧು ದಾಸರು ಸೆರೆಮನೆಯಲ್ಲಿದ್ದುದರಿಂದ ಅಹಮದಾಬಾದಿನ ಕಾಂಗ್ರೆಸ್ ಅಧಿವೇಶನಕ್ಕೆ ಹಕೀಮರೇ ಅಧ್ಯಕ್ಷರಾದರು.

ಜರ್ಮನಿಯಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿದ್ದ ಸಲೀಮುಜ್ಜಮಾನ್ ಸಿದ್ದೀಕಿಯೆಂಬ ತರುಣನಿಗೆ ಹಕೀಮರ ನೆರವಿದ್ದಿತು. ಆತನು ಬಂದು ದಿಲ್ಲಿಯಲ್ಲಿ ಸಂಶೋಧನಾಲಯವನ್ನು ಕಟ್ಟಬೇಕೆಂಬುದು ಸಂಕಲ್ಪ. ಆದರೆ 1927ರ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. ಸಿದ್ದೀಕಿಯವರು ಮಾತನ್ನು ಉಳಿಸಿಕೊಂಡು, 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಅಜಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು, ಒಣಗಿಸಿದ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಪ್ರಕಟಿಸಿದರು.

ಉನ್ಮಾದವನ್ನು ತಣಿಸುವ ಮುಖ್ಯ ಸತ್ವವು ಮಾತ್ರ ದಿಲ್ಲಿಯಲ್ಲಿ ಕೈಗೆ ಸಿಕ್ಕಲಿಲ್ಲ. 1952ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪೆನಿಯವರು ಅದನ್ನು ತೆಗೆದು ರೆಸರ್ಪೀನ್ ಎಂದು ಕರೆದರು. ಬೇರು ನಮ್ಮದು, ಲಾಭ ಅವರದು! 1954ರಲ್ಲಿ ಅಮೆರಿಕದ ನೇಥನ್ ಕ್ಲೈನರು ಚಿತ್ತವಿಕಲರ ಮೇಲೆ ಅದರ ಗುಣವನ್ನು ವರದಿಮಾಡಿದರು. ಪ್ಯಾರಿಸಿನಲ್ಲಿ 1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಇದರ ಸಮಕಾಲೀನ. ಎರಡರ ವರ್ತನೆ ಬೇರೆ ಬೇರೆ. ನರಕೋಶಗಳ ತುದಿಯ ಕಿರುಚೀಲಗಳಲ್ಲಿ ಡೋಪಮೀನ್, ಸೆರಟೋನಿನ್ ಮೊದಲಾದ ದ್ರವ್ಯಗಳು ಶೇಖರವಾಗಿರುತ್ತವೆ. ರೆಸರ್ಪೀನು ಆ ಶೇಖರಣೆಯನ್ನೇ ತಡೆದು ಉಗ್ರಾಣವನ್ನು ಬರಿದುಮಾಡುವುದು. ಕ್ಲೋರ್‌ಪ್ರೊಮಜೀನು ಡೋಪಮೀನನ್ನು ಬರಮಾಡಿಕೊಳ್ಳುವ ಬಾಗಿಲನ್ನು ಮುಚ್ಚುವುದು. ಉಗ್ರಾಣ ಬರಿದಾದಾಗ ಕೆಲವರಿಗೆ ಕೈನಡುಕ, ಕೆಲವರಿಗೆ ಘೋರವಾದ ಖಿನ್ನತೆ ಕಂಡುಬಂದಿತು. ಆದಕಾರಣ ಮಾನಸಿಕ ಚಿಕಿತ್ಸೆಯಲ್ಲಿ ಇದು ಹೆಚ್ಚುಕಾಲ ನಿಲ್ಲಲಿಲ್ಲ. (ಮನೆಮದ್ದೆಂದು ಈ ಬೇರನ್ನು ತಾವಾಗಿಯೇ ಅರೆದು ಕುಡಿಯುವವರು ಇದನ್ನು ಗಮನಿಸತಕ್ಕದ್ದು.) ಆದಾಗ್ಯೂ ಅದರ ದೋಷವೇ ವಿದ್ಯೆಗೆ ದಾರಿಯಾಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ನರು ರೆಸರ್ಪೀನಿನಿಂದ ಜಡವಾಗಿ ಬಿದ್ದಿದ್ದ ಮೊಲಗಳನ್ನು ಎಲ್-ಡೋಪಾ ಕೊಟ್ಟು ಎಬ್ಬಿಸಿದರು. ಕಂಪವಾತದ ಚಿಕಿತ್ಸೆಗೆ ಇದು ತಳಹದಿಯಾಯಿತು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು.

ಹಕೀಮರ ಹಟವು ಇತ್ಯರ್ಥವಾಗದೆ ಉಳಿದ ಪ್ರಶ್ನೆಯೊಂದನ್ನು ನಮ್ಮ ಜಿಲ್ಲೆಯಲ್ಲೂ ಕಾಣಬಹುದು. ಮಣಿಪಾಲದಲ್ಲಿ 1953ರ ಮೆಡಿಕಲ್ ಕಾಲೇಜು, ಕೆಲವೇ ಮೈಲಿಗಳಾಚೆ ಉಡುಪಿಯಲ್ಲಿ 1958ರ ಆಯುರ್ವೇದ ಕಾಲೇಜು. ಒಂದೇ ಬೇರನ್ನು ಒಂದರಲ್ಲಿ ಸತ್ವವೆಂದೂ ಇನ್ನೊಂದರಲ್ಲಿ ಚೂರ್ಣವೆಂದೂ ಓದುತ್ತಾರೆ. ಇನ್ನು ಹಕೀಮರ ಹೆಸರು ಹೊತ್ತ ಅಜಮಲೀನು ಹುಚ್ಚಿನ ಮದ್ದಾಗಲಿಲ್ಲ. ಬ್ರುಗಾಡ ಎಂಬ ಹೃದಯದ ಲಯದೋಷವು ಅಡಗಿದೆಯೋ ಎಂದು ಪರೀಕ್ಷಿಸಲು ಕೆಲವು ದೇಶಗಳ ವೈದ್ಯರು ಇಂದಿಗೂ ಅದನ್ನೇ ರಕ್ತನಾಳಕ್ಕೆ ಚುಚ್ಚುತ್ತಾರೆ.