ದೂರದರ್ಶಕಗಳ ರೂವಾರಿ ಡಾ. ವೈನು ಬಾಪ್ಪು

ಭಾರತದ ಆಧುನಿಕ ಖಗೋಳ ವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಡಾ. ಎಂ.ಕೆ. ವೈನು ಬಾಪ್ಪು ಪ್ರಮುಖರು. ಇವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದರು. ನವಾಬ್ ಜಫರ್ ಜಂಗ್ ಅವರು ಸ್ವಂತ ಹಣದಿಂದ ದೂರದರ್ಶಕ ತರಿಸಿ 1901ರಲ್ಲಿ ಆರಂಭಿಸಿದ್ದ ಆ ವೀಕ್ಷಣಾಲಯವೇ ಬಾಲಕ ಬಾಪ್ಪುವಿನ ಮೊದಲ ಪಾಠಶಾಲೆಯಾಯಿತು.

ನಿಜಾಮ್ ಕಾಲೇಜಿನಲ್ಲಿ ಓದಿದ ನಂತರ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1949ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ ಹೊಸ ಧೂಮಕೇತುವೊಂದನ್ನು ಪತ್ತೆ ಹಚ್ಚಿದರು. ಅದಕ್ಕೆ ಬಾಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಬಂತು. ಮುಂದೆ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆ 1957ರಲ್ಲಿ ಪ್ರಕಟವಾಯಿತು. ನಕ್ಷತ್ರದ ರೋಹಿತದಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲದಿಂದ ಅದರ ನಿಜವಾದ ಪ್ರಕಾಶವನ್ನೂ, ಆ ಮೂಲಕ ದೂರವನ್ನೂ ತಿಳಿಯುವ ಈ ವಿಧಾನ ವಿಲ್ಸನ್-ಬಾಪ್ಪು ಪರಿಣಾಮ ಎಂದು ಪ್ರಸಿದ್ಧವಾಗಿದೆ.

ವಿದೇಶದಲ್ಲಿ ಹೆಸರು ಗಳಿಸಿದ್ದರೂ ಬಾಪ್ಪು ತಾಯ್ನಾಡಿಗೆ ಮರಳಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ರಾತ್ರಿಯ ವೀಕ್ಷಣೆಗೆ ಉತ್ತಮ ಸ್ಥಳ ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಯಿತು. ಮುಂದೆ ಬೆಂಗಳೂರು ಅದರ ಕೇಂದ್ರವಾಯಿತು. ದೊಡ್ಡ ದೂರದರ್ಶಕವನ್ನು ನಮ್ಮ ದೇಶದಲ್ಲೇ ತಯಾರಿಸಬೇಕೆಂಬುದು ಅವರ ಛಲ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆದರೆ ದೂರದರ್ಶಕ ಪೂರ್ಣಗೊಳ್ಳುವ ಮೊದಲೇ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ನಿಧನರಾದರು. 2.34 ಮೀಟರ್ ವ್ಯಾಸದ ಕನ್ನಡಿಯುಳ್ಳ ಆ ದೂರದರ್ಶಕಕ್ಕೆ 1986ರಲ್ಲಿ ಅವರದೇ ಹೆಸರಿಡಲಾಯಿತು.

ಅವರು ಕಟ್ಟಿದ ಸಂಸ್ಥೆ ಅಲ್ಲಿಗೇ ನಿಲ್ಲಲಿಲ್ಲ. ಗೆಲಾಕ್ಸಿಗಳಲ್ಲಿ ತಣ್ಣನೆಯ ಅನಿಲದ ಮೋಡಗಳು ತಮ್ಮದೇ ಗುರುತ್ವದಿಂದ ಕುಸಿದು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅನಿಲ ತೀರಿದರೆ ಈ ಹುಟ್ಟು ನಿಲ್ಲುತ್ತದೆ. ಅಲ್ಪಾಯುಷಿಗಳಾದ ನೀಲಿ ನಕ್ಷತ್ರಗಳು ನಂದಿ, ಕೆಂಪು ಛಾಯೆಯ ಹಳೆಯ ನಕ್ಷತ್ರಗಳು ಉಳಿಯುತ್ತವೆ. ಎಳೆಯ ನಕ್ಷತ್ರಗಳು ಹೆಚ್ಚಾಗಿ ಸೂಸುವ ನೇರಳಾತೀತ ಬೆಳಕನ್ನು ವಾತಾವರಣ ತಡೆಯುತ್ತದೆ. ಆದ್ದರಿಂದ ಇದೇ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ನೇರಳಾತೀತ ದೂರದರ್ಶಕವನ್ನು 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಕಳುಹಿಸಲಾಯಿತು. ಗೆಲಾಕ್ಸಿಗಳು ಹೇಗೆ ಬೆಳೆದು ಬದಲಾಗುತ್ತವೆ ಎಂಬ ಅಧ್ಯಯನಕ್ಕೆ ಅದು ನೆರವಾಯಿತು.

ಶಿಕಾರಿಪುರ, ಸೊರಬದ ವಿದ್ಯಾರ್ಥಿಗಳೇ, ನಮ್ಮೂರಲ್ಲಿ ಪ್ರಯೋಗಾಲಯವಿಲ್ಲ, ಸೌಲಭ್ಯವಿಲ್ಲವೆಂದು ಕುಗ್ಗಬೇಡಿ. ನವೆಂಬರ್ ತಿಂಗಳ ಚಂದ್ರನಿಲ್ಲದ ರಾತ್ರಿ, ಒಂಬತ್ತು ಗಂಟೆ ಸುಮಾರಿಗೆ ಊರ ದೀಪಗಳಿಂದ ದೂರ ಹೋಗಿ ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿ. ಅಲ್ಲಿ ಮಸುಕಾಗಿ ಕಾಣುವುದು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗೆಲಾಕ್ಸಿ. ಇಲ್ಲದ ಸಾಧನವನ್ನು ಬಾಪ್ಪು ತಾವೇ ಕಟ್ಟಲು ಹೊರಟರು. ಅದರ ಫಲ ಮುಂದಿನ ಪೀಳಿಗೆಗೆ ದಕ್ಕಿತು. ವಿದ್ಯೆ ಕಲಿತವರು ಸಮಾಜಕ್ಕೆ ತೀರಿಸಬೇಕಾದ ಋಣವೂ ಇದೇ.